‘ಹೇಳಂಗಿಲ್ಲ ಹೋಗ’ ಎಂದು ಬರೆದವನಿಗೆ

ತಂಪುಗೇರಿ, ಮೂರನೆಯ ಕದ
ಎರಡನೇ ಉರಿಶಕೆ, ಹದಿನಾಲ್ಕನೇ ತಿಂಗಳು, ಮೂವತ್ತಾರನೇ ತಾರೀಖು

ಹೆಸರು ಗೊತ್ತಿಲ್ಲದವನೇ,

ಕ್ಷಮೆ ಕೇಳಿ ಪತ್ರ ಶುರುಮಾಡುವುದು ನಮ್ಮ ಹಿಂದಂಚೆಯ ಪದ್ಧತಿ. ನಮ್ಮ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನನ್ನ ಕೆಲವು ಪದಗಳು ನಿನ್ನ ಕಾಲದಲ್ಲಿ ಇನ್ನೂ ಹುಟ್ಟಿರಲಿಕ್ಕಿಲ್ಲ, ಹುಟ್ಟಿದ್ದರೂ ಬೇರೆ ಕೆಲಸ ಮಾಡುತ್ತಿರಬಹುದು. ಅದಕ್ಕೆಲ್ಲ ಕ್ಷಮೆ ಇರಲಿ. ಪದ್ಧತಿಗೆ ಇಷ್ಟು ಸಾಕು. ಇನ್ನು ಮುಂದೆ ಈ ಪತ್ರದಲ್ಲಿ ನಾನು ಕ್ಷಮೆ ಕೇಳುವುದಿಲ್ಲ. ಕೇಳಬೇಕಾದವನು ನೀನು.

ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ ಬರೆಯಲು ಬಿಡುತ್ತಾರೆ, ಉತ್ತರ ಬರುವುದಿಲ್ಲ. ಸತ್ತವರ ಹತ್ತಿರ ಪ್ರೀತಿಯ ನಾಲ್ಕು ಮಾತಾಡಲಿ ಎಂದು ಇದನ್ನು ಶುರುಮಾಡಿದರಂತೆ. ಆದರೆ ಹೋಗುವ ಪತ್ರಗಳಲ್ಲಿ ಮುಕ್ಕಾಲು ಪಾಲು ಬೈಗುಳ. ಬಾವಿ ಮುಚ್ಚಿದವರಿಗೆ, ಬೆಟ್ಟ ಕಡಿದವರಿಗೆ, ಏನೂ ಮಾಡದೆ ಸುಮ್ಮನೆ ಕೂತವರಿಗೆ. ನಿಮ್ಮ ಕಾಲದವರಿಗೆ ಕಾರಣವಿಲ್ಲದೆ ಬರುವ ತಲೆನೋವೆಲ್ಲ ನಮ್ಮ ಪತ್ರಗಳೇ ಎಂದು ನಮ್ಮಲ್ಲಿ ತಮಾಷೆ ಮಾಡುತ್ತಾರೆ. ನಿನ್ನ ಹೆಸರಾಗಲಿ ಊರಾಗಲಿ ನನಗೆ ಗೊತ್ತಿಲ್ಲ. ಹಾಗಾಗಿ ಮೇಲ್ವಿಳಾಸದಲ್ಲಿ ‘ಆ ಸಾಲನ್ನು ಬರೆಯುವವನಿಗೆ, ಬರೆಯುವ ಮಧ್ಯಾಹ್ನ ತಲುಪಲಿ’ ಎಂದಷ್ಟೇ ಹಾಕಿದ್ದೇನೆ. ಅಂಚೆಯವರು ಓದಿ ತಲೆಯಾಡಿಸಿದರು. ಯಾವ ಸಾಲು ಎಂದು ಅವರು ಕೇಳಲಿಲ್ಲ. ಅದು ಇಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು.

ನನ್ನ ಹೆಸರು ಈರನಾಗಮ್ಮ. ನಾನು ಮೂರನೆಯ ಕದದ ಕದಗಿತ್ತಿ, ಅಂದರೆ ಕದ ಕಾಯುವವಳು. ನಾವು ಇರುವುದು ನೆಲದ ಕೆಳಗೆ, ನಿಮ್ಮವರು ಚಿನ್ನಕ್ಕಾಗಿ ತೋಡಿ ಬಿಟ್ಟುಹೋದ ಸುರಂಗಗಳಲ್ಲಿ. ಚಿನ್ನ ಒಂದು ಗುಂಜಿಯಷ್ಟೂ ಉಳಿಸಿಲ್ಲ, ತೂತು ಮಾತ್ರ ಉಳಿಸಿದಿರಿ. ನಿಮ್ಮಿಂದ ಬಂದ ಆಸ್ತಿಯಲ್ಲಿ ನಮಗೆ ಉಪಯೋಗಕ್ಕೆ ಬಂದದ್ದು ಅದೊಂದೇ. ಮೇಲಿನ ಸುರಂಗಗಳನ್ನು ಬಿಸಿಲುಮಾಳಿಗೆ ಎನ್ನುತ್ತೇವೆ. ವರ್ಷದ ಎಂಟು ತಿಂಗಳು ಅಲ್ಲಿಯೇ ಅಡಿಗೆ, ಮದುವೆ, ಜಗಳ, ಪಾಠ ಎಲ್ಲ. ಜೋಳವನ್ನು ರಾತ್ರಿ ಹೊತ್ತು ಮೇಲೆ ಹೋಗಿ ಬಿತ್ತುತ್ತೇವೆ, ರಾತ್ರಿಯೇ ಕೊಯ್ಯುತ್ತೇವೆ. ಸೂರ್ಯನನ್ನು ನಾನು ನೆಟ್ಟಗೆ ನೋಡಿದ್ದು ಬೆರಳೆಣಿಕೆಯಷ್ಟು ಸಲ. ಆಮೇಲೆ ಉರಿಗಾಲ ಬರುತ್ತದೆ. ಆಗ ಮಾಳಿಗೆಯ ಗೋಡೆ ಮುಟ್ಟಿದರೆ ಕೈ ಸುಡುತ್ತದೆ, ಕೊಡದ ನೀರು ತಾನೇ ಬೆಚ್ಚಗಾಗುತ್ತದೆ, ಗಾಳಿ ಗಂಟಲಿಗೆ ಅಂಟುತ್ತದೆ. ಆಗ ಎಲ್ಲರೂ ಕದ ದಾಟಿ ಇನ್ನೂ ಕೆಳಗೆ, ತಂಪುಗೇರಿಗೆ ಇಳಿಯುತ್ತೇವೆ. ಕದ ಹಾಕುತ್ತೇವೆ. ಉರಿಗಾಲ ಮುಗಿಯುವವರೆಗೆ ಅದನ್ನು ತೆಗೆಯುವ ಹಾಗಿಲ್ಲ, ಬಿಸಿಗಾಳಿ ನುಗ್ಗಿದರೆ ಎಲ್ಲರೂ ಹೋದಂತೆ. ಎಲ್ಲರೂ ಇಳಿಯುತ್ತೇವೆ ಎಂದೆ. ತಪ್ಪು. ಜರಡಿ ಹೂಂ ಎಂದವರು ಮಾತ್ರ ಇಳಿಯುತ್ತಾರೆ.

ಜರಡಿ ಎಂದರೆ ಕದದ ಪಕ್ಕದ ಗೋಡೆಯಲ್ಲಿರುವ ಯಂತ್ರ. ನಮ್ಮಲ್ಲಿ ಪ್ರತಿಯೊಬ್ಬರ ಕೊರಳಲ್ಲೂ ಒಂದು ಮಣಿಸರ ಇರುತ್ತದೆ, ಅದನ್ನು ಬಾಳಸಾಲು ಎನ್ನುತ್ತೇವೆ. ವರ್ಷಕ್ಕೊಂದು ಮಣಿ. ಅಗೆತದಲ್ಲಿ ಕಳೆದ ವರ್ಷಕ್ಕೆ ಮಣ್ಣಿನ ಮಣಿ, ಕಲಿತ ವರ್ಷಕ್ಕೆ ಗಾಜಿನದು, ಹೆತ್ತ ವರ್ಷಕ್ಕೆ ತಾಮ್ರದ್ದು, ಜಡ್ಡಿನಲ್ಲಿ ಮಲಗಿದ ವರ್ಷಕ್ಕೆ ಇದ್ದಿಲಿನದು. ಉರಿಗಾಲದ ಮುಂಚೆ ಸರವನ್ನು ಬಿಚ್ಚಿ ಜರಡಿಯ ಬಾಯಿಗೆ ಕೊಡಬೇಕು. ಅದು ಮಣಿಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತದೆ. ತನಗೆ ಬೇಕಾದ ಸಾಲು ಅದರಲ್ಲಿ ಕಂಡರೆ ಹಸಿರು ದೀಪ, ಕಾಣದಿದ್ದರೆ ಕೆಂಪು. ಕೆಂಪು ಬಿದ್ದವರು ಮಾಳಿಗೆಯಲ್ಲೇ ಉಳಿಯಬೇಕು. ಕೆಲವರು ಬದುಕಿ ಬರುತ್ತಾರೆ. ಬಹಳ ಜನ ಬರುವುದಿಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ, ನೆಟ್ಟಗೆ ಕೂತುಕೋ. ಆ ಜರಡಿಯೊಳಗೆ ಇರುವುದು ನೀವು ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಿದ್ದ ವಸ್ತು. ಕದಗಾರರ ಶಾಲೆಯಲ್ಲಿ ನಮಗೆ ಅಷ್ಟು ಕಲಿಸುತ್ತಾರೆ. ಯಾರೋ ಒಬ್ಬರು ತಮಗೆ ಎಂಥ ಸಾಲು ಬೇಕು ಎಂದು ಒಂದೇ ಗೆರೆಯಲ್ಲಿ ಬರೆಯುತ್ತಾರೆ: ಮೊದಲು ಇದು ಇರಲಿ, ಆಮೇಲೆ ಇಂಥವು ಎಷ್ಟಾದರೂ ಇರಲಿ, ಕೊನೆಗೆ ಇದು ಇಲ್ಲವೆ ಅದು. ಚುಕ್ಕಿ, ನಕ್ಷತ್ರ, ಕಂಸ ಹಾಕಿ ಬರೆದ ಆ ಗೆರೆಯನ್ನು ಓದಲು ಸ್ವಲ್ಪ ತಲೆಕೆಡುತ್ತದೆ, ಆದರೆ ಮನುಷ್ಯರು ಓದಬಹುದು. ಯಂತ್ರ ಅದನ್ನು ಅಗಿದು ತನಗೆ ಬೇಕಾದ ಹಾಗೆ ಒಂದು ಕೋಷ್ಟಕ ಮಾಡಿಕೊಳ್ಳುತ್ತದೆ: ಈ ಮನೆಯಲ್ಲಿದ್ದಾಗ ಮಣ್ಣು ಕಂಡರೆ ಆ ಮನೆಗೆ, ಗಾಜು ಕಂಡರೆ ಈ ಮನೆಗೆ. ಈ ಅಗಿಯುವ ಕೆಲಸಕ್ಕೆ ಕಂಪೈಲ್ ಎಂದು ಹೆಸರು. ಅಗಿದ ಮೇಲೆ ಕೆಲಸ ಚುರುಕಾಗುತ್ತದೆ. ಆದರೆ ಹಿಟ್ಟು ನೋಡಿ ಕಾಳು ಹೇಗಿತ್ತೆಂದು ಹೇಳಲಾಗುವುದಿಲ್ಲ. ಆದ್ದರಿಂದ ಬುದ್ಧಿ ನೆಟ್ಟಗಿರುವವರು ಕೋಷ್ಟಕದ ಪಕ್ಕದಲ್ಲೇ ಮೂಲ ಗೆರೆಯನ್ನೂ ಇಟ್ಟುಕೊಳ್ಳುತ್ತಾರೆ. ಯಾರಾದರೂ ‘ನೀನು ಯಾರು, ನಿನ್ನೊಳಗೆ ಏನಿದೆ’ ಎಂದು ಆ ವಸ್ತುವನ್ನು ಕೇಳಿದರೆ ಅದು ತನ್ನ ಮೂಲ ಗೆರೆಯನ್ನು ಹೇಳುತ್ತದೆ. ಅಷ್ಟೇ. ಅದಕ್ಕೆ ದೊಡ್ಡ ಪಾಂಡಿತ್ಯ ಬೇಡ.

ನಿನಗೆ ಅದು ಬೇಡವಾಗಿತ್ತು. ನೀನು ಬರೆದ ಲೈಬ್ರರಿಯಲ್ಲಿ, ಅಂದರೆ ಬೇರೆಯವರು ತಮ್ಮ ಪ್ರೋಗ್ರಾಂಗಳಲ್ಲಿ ಹಾಕಿಕೊಳ್ಳಲಿ ಎಂದು ಮಾಡಿಟ್ಟ ಆ ಕಟ್ಟಿನಲ್ಲಿ, ಕಂಪೈಲ್ ಆದ ಕೂಡಲೇ ಮೂಲ ಗೆರೆಯನ್ನು ಎಸೆದುಬಿಟ್ಟೆ. ಕೋಷ್ಟಕವನ್ನು ಯಾರೂ ಇಣುಕದ ಹಾಗೆ ಮುಚ್ಚಿದೆ. ‘ನೀನು ಯಾರು’ ಎಂಬ ಪ್ರಶ್ನೆಗೆ ಏನಾದರೊಂದು ಉತ್ತರ ಇರಲೇಬೇಕಲ್ಲ, ಅಲ್ಲಿ ನಿನಗೆ ಹುಡುಗಾಟ ಬಂತು. ಊಟಕ್ಕೆ ಹೊರಡುವ ಅವಸರವೋ, ಪಕ್ಕದವನನ್ನು ನಗಿಸುವ ಚಪಲವೋ. ‘ಹೇಳಂಗಿಲ್ಲ ಹೋಗ’ ಎಂದು ಬರೆದೆ. ಆಮೇಲೆ ಸರಿಮಾಡೋಣ ಎಂದುಕೊಂಡಿರಬಹುದು. ಆ ಆಮೇಲೆ ಇನ್ನೂ ಬಂದಿಲ್ಲ, ಮಾರಾಯ. ನಾನು ಅದಾದ ಮೇಲಿನ ಕಾಲದಿಂದಲೇ ಬರೆಯುತ್ತಿದ್ದೇನೆ.

ನಿನ್ನ ಕಾಲದ ಅರಮನೆ, ಆಸ್ಪತ್ರೆ, ಸೇತುವೆ, ಹಾಡು ಯಾವುದೂ ನಮ್ಮವರೆಗೆ ಬರಲಿಲ್ಲ. ನಿನ್ನ ಆ ಎರಡು ಮಾತು ಬಂತು. ಜರಡಿಯನ್ನು ಏನು ಕೇಳಿದರೂ ಅದು ಅಷ್ಟನ್ನೇ ಪರದೆಯ ಮೇಲೆ ಮೂಡಿಸುತ್ತದೆ. ಮೊದಮೊದಲು ಜನ ಸಿಟ್ಟಾದರಂತೆ. ಆಮೇಲೆ ಹೆದರಿದರು. ಆಮೇಲೆ ಕೈಮುಗಿದರು. ಈಗ ನಿನಗೊಂದು ಗುಡಿ ಇದೆ. ನಿನ್ನ ಹೆಸರು ಹೇಳದಪ್ಪ. ಹಿಗ್ಗಬೇಡ. ಉರಿಗಾಲದ ಮುಂಚೆ ನಿನಗೆ ಜೋಳದ ಅಂಬಲಿ ಎಡೆ ಇಡುತ್ತಾರೆ, ಅದನ್ನು ನಿನ್ನ ಪೂಜಾರಿ ಹುಸೇನಪ್ಪನೇ ಕುಡಿಯುತ್ತಾನೆ. ನಿನ್ನ ಲೈಬ್ರರಿಯ ಜೊತೆಗಿದ್ದ ವಿವರಣೆಯಲ್ಲಿ ಒಂದೇ ಒಂದು ವಾಕ್ಯ ಉಳಿದಿದೆ, ಅದನ್ನು ಗುಡಿಯ ಗೋಡೆಯಲ್ಲಿ ಕೆತ್ತಿದ್ದಾರೆ: ‘ಮೂಲವನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ, ಬರೆದವನಿಗೆ ಅದು ಗೊತ್ತಿರುತ್ತದೆ.’ ಹುಸೇನಪ್ಪ ಅದನ್ನು ರಾಗವಾಗಿ ಹೇಳಿ ಕಣ್ಣು ಮುಚ್ಚುತ್ತಾನೆ, ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಬರೆದವನಿಗೆ ಗೊತ್ತು ಎಂದರೆ ದೇವರಿಗೆ ಗೊತ್ತು ಎಂದು ಅವರು ತಿಳಿದಿದ್ದಾರೆ. ನೀನು ಹೇಳಿದ್ದು ಜರಡಿಗೆ ಗೆರೆ ಬರೆದುಕೊಟ್ಟ ಯಾವನೋ ನಿನ್ನಂಥ ಇನ್ನೊಬ್ಬನ ವಿಷಯ, ಅವನೂ ಸತ್ತು ಮಣ್ಣಾಗಿದ್ದಾನೆ, ಮೂಲ ಅವನ ಜೊತೆ ಮಣ್ಣಾಗಿದೆ. ಇದನ್ನು ಹೇಳಿದರೆ ನನ್ನನ್ನು ಗುಡಿಗೆ ಬಿಡುವುದಿಲ್ಲ.

ಜರಡಿಗೆ ಬೇಕಾದ ಸಾಲು ಯಾವುದು ಎಂದು ಗೊತ್ತಿಲ್ಲದ ಜನ ಹೇಗೆ ಬದುಕುತ್ತಾರೆಂದು ನಿನಗೆ ಕುತೂಹಲವಿರಬಹುದು. ಇರದಿದ್ದರೂ ಓದು. ಹಸಿರು ಬಿದ್ದ ತಾತನ ಸರವನ್ನು ಮನೆಯ ಗೂಡಿನಲ್ಲಿಟ್ಟು, ಮೊಮ್ಮಕ್ಕಳಿಗೆ ಅದೇ ಬಾಳನ್ನು ಬಾಳಿಸುತ್ತಾರೆ. ತಾತ ಒಂಬತ್ತನೇ ವರ್ಷ ಅಗೆತಕ್ಕೆ ಹೋಗಿದ್ದರೆ ಮೊಮ್ಮಗಳೂ ಹೋಗಬೇಕು, ಅವಳಿಗೆ ಓದು ಎಷ್ಟೇ ಹಿಡಿಸಲಿ. ತಾತ ಇಪ್ಪತ್ತರಲ್ಲಿ ಜಡ್ಡು ಬಿದ್ದಿದ್ದರೆ ಗಟ್ಟಿಮುಟ್ಟಾದ ಮೊಮ್ಮಗನನ್ನು ಇಡೀ ವರ್ಷ ಕಂಬಳಿ ಹೊದಿಸಿ ಮಲಗಿಸಿ ಇದ್ದಿಲಿನ ಮಣಿ ಹಾಕಿಸುತ್ತಾರೆ. ಪಕ್ಕದ ಗಲ್ಲಿಯಲ್ಲಿ ಒಬ್ಬಳು ಅಜ್ಜಿಯ ಸರದಲ್ಲಿ ತಾಮ್ರದ ಮಣಿ ಇದ್ದ ವರ್ಷವೇ ಹೆರಬೇಕೆಂದು ಗಂಡನ ಜೀವ ತಿಂದಳು. ಇಷ್ಟು ಮಾಡಿದರೂ ಕೆಂಪು ಬೀಳುತ್ತಿತ್ತು. ಅದರಲ್ಲೂ ಮೊದಲ ಸಲ ನಿಂತ ಎಳೆಯರಿಗೆ ಹೆಚ್ಚು. ಮಕ್ಕಳು ಚಿಕ್ಕವರಿರುವಾಗ ತಾಯಿಯ ಸರದ ಮೇಲೆಯೇ ಒಳಗೆ ಬರುತ್ತಾರೆ; ಹದಿನಾರನೆಯ ಮಣಿ ಬಿದ್ದ ಮೇಲೆ ತಾವೇ ನಿಲ್ಲಬೇಕು. ನಿಂತ ವರ್ಷವೇ ಎಷ್ಟೋ ಮಕ್ಕಳು ಹೋದರು. ಹಿರಿಯರು ಅದಕ್ಕೆ ಕಾರಣವನ್ನೂ ಕಂಡುಹಿಡಿದರು. ಈಗಿನ ಮಕ್ಕಳಲ್ಲಿ ಸತ್ವವಿಲ್ಲ, ಮನಸ್ಸು ಸ್ವಚ್ಛವಿಲ್ಲ, ಜರಡಿಗೆ ಅದು ಕಾಣುತ್ತದೆ, ಎಂದು ಗುಡಿಯಲ್ಲಿ ಪ್ರವಚನ ಮಾಡುತ್ತಾರೆ.

ನನಗೆ ಒಬ್ಬಳೇ ಮಗಳು. ಹೊನ್ನೂರಿ. ಈ ವರ್ಷ ಅವಳಿಗೆ ಹದಿನಾರನೆಯ ಮಣಿ ಬಿತ್ತು. ಅವಳ ತಂದೆ ಅಗೆತದಲ್ಲಿ ಬಂಡೆ ಉರುಳಿ ಹೋದ ಮೇಲೆ ನಾನು ಅವಳನ್ನು ಯಾರ ತಾತನ ಹಾಗೂ ಬಾಳಿಸಲಿಲ್ಲ. ಅವಳಿಗೆ ನೀರಿನ ಸೆಲೆ ಹುಡುಕುವುದು ಇಷ್ಟ. ಕಲ್ಲಿಗೆ ಕಿವಿ ಹಚ್ಚಿ ಕೂತರೆ ಊಟದ ನೆನಪಿಲ್ಲ. ಮಾತು ಕಡಿಮೆ, ಆದರೆ ನಕ್ಕರೆ ಇಡೀ ಗಲ್ಲಿಗೆ ಕೇಳಬೇಕು. ಅವಳು ಒಳಗೆ ಬರುತ್ತಾಳೋ ಇಲ್ಲವೋ ಎಂಬ ಭಯ ನನಗೆ ಇದ್ದೇ ಇತ್ತು, ಆದರೆ ಆ ಭಯ ಪ್ರತಿ ತಾಯಿಗೂ ಇರುತ್ತದೆ ಎಂದು ನುಂಗಿಕೊಂಡಿದ್ದೆ. ನಮ್ಮಲ್ಲಿ ಹಿರಿಯರ ಬೆನ್ನಿಗೇ ಕಿರಿಯರು ನಿಲ್ಲಬೇಕು. ತಾಯಿ ಮೊದಲು ಸರ ಕೊಟ್ಟು ಜರಡಿಗೆ ಕೈಮುಗಿದು ಪಕ್ಕಕ್ಕೆ ಸರಿಯಬೇಕು, ಆಮೇಲೆ ಮಗಳು. ಅದು ಮರ್ಯಾದೆ. ಕದ ಕಾಯುವವರ ಮನೆಯವರು ಎಲ್ಲರಿಗಿಂತ ಕೊನೆಗೆ ನಿಲ್ಲುತ್ತಾರೆ. ಹಾಗಾಗಿ ಊರೆಲ್ಲ ಇಳಿದ ಮೇಲೆ ನಾನು ನಿಂತೆ. ನನಗೆ ಹಸಿರು. ನನ್ನ ಬೆನ್ನಿಗೆ ಹೊನ್ನೂರಿ ನಿಂತಳು. ಅವಳಿಗೆ ಕೆಂಪು.

ಅವಳು ಅಳಲಿಲ್ಲ. ಸರವನ್ನು ನನ್ನ ಕೈಗೆ ಕೊಟ್ಟು, ಕೆಂಪು ಬಿದ್ದವರು ಹೋಗುವ ಮೆಟ್ಟಿಲು ಹತ್ತಿದಳು. ಕದದಲ್ಲಿ ಅಂಗೈಯಗಲದ ಒಂದು ಕಿಂಡಿ ಇದೆ. ಆ ಸಂಜೆ ಅಲ್ಲಿಗೆ ಬಂದು ಕೂತಳು, ಈ ಕಡೆ ನಾನು ಕೂತೆ. ಒಂದೇ ಮಾತು ಕೇಳಿದಳು. “ಯವ್ವಾ, ನನ್ನಾಗ ಏನ್ ತಪ್ಪೈತಿ?”

ಸಾಯುತ್ತೇನೆಂಬ ಹೆದರಿಕೆ ಅವಳ ಮಾತಿನಲ್ಲಿ ಇರಲಿಲ್ಲ. ತನ್ನೊಳಗೆ ಏನೋ ಕೊಳೆತಿದೆ, ಅದು ಜರಡಿಗೆ ಕಂಡಿದೆ, ತನಗೆ ಕಂಡಿಲ್ಲ, ಎಂಬ ನಾಚಿಕೆ ಇತ್ತು. ಹದಿನಾರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ನನಗೆ ಕಾಣದ ತಪ್ಪು ಆ ಗೋಡೆಯ ತೂತಿಗೆ ಹೇಗೆ ಕಂಡಿತು?

ಮರುದಿನ ಬೆಳಿಗ್ಗೆ ಬೋಣಿ ಮಾಡಬೇಕಿತ್ತು. ಬೋಣಿ ಎಂದರೆ ದಿನದ ಮೊದಲು ಜರಡಿಗೆ ಯಾವುದಾದರೊಂದು ಹಳೆಯ ಸರ ಕೊಟ್ಟು ಅದು ನಡೆಯುತ್ತಿದೆಯೇ ಎಂದು ನೋಡುವುದು. ದೀಪ ಹತ್ತಿದರೆ ಸಾಕು, ಯಾವ ಬಣ್ಣ ಎಂದು ನಾವು ಲೆಕ್ಕಕ್ಕೆ ಇಡುವುದಿಲ್ಲ. ನನ್ನ ಕೈಯಲ್ಲಿ ಹೊನ್ನೂರಿಯ ಸರವೇ ಇತ್ತು. ಅದನ್ನೇ ಕೊಟ್ಟೆ. ಹಸಿರು ಬಿತ್ತು.

ಕಣ್ಣು ಮಂಜಾಗಿದೆ ಎಂದುಕೊಂಡು ಇನ್ನೊಮ್ಮೆ ಕೊಟ್ಟೆ. ಕೆಂಪು. ಮತ್ತೆ ಕೊಟ್ಟೆ. ಹಸಿರು. ಮತ್ತೆ. ಕೆಂಪು. ಒಂದೇ ಸರ, ಅವೇ ಮಣಿಗಳು, ಅದೇ ಕೈ. ಅಲ್ಲೇ ನೆಲದ ಮೇಲೆ ಕೂತೆ. ಕೂತು ಯೋಚಿಸಿದೆ. ನನ್ನ ಸರ ಕೊಟ್ಟು ಅವಳದನ್ನು ಕೊಟ್ಟೆ, ಅವಳದನ್ನು ಕೊಟ್ಟು ನನ್ನದನ್ನು ಕೊಟ್ಟೆ, ಮಧ್ಯೆ ಖಾಲಿ ದಾರ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ನಿನ್ನ ಕಸುಬು ನನಗೆ ಅರ್ಥವಾಯಿತು.

ನಿನ್ನ ಜರಡಿಗೆ ಒಂದು ಬೆರಳಿದೆ. ಸಾಲು ಸಿಕ್ಕಿದ ಕಡೆ ಅದು ಬೆರಳಿಟ್ಟುಕೊಂಡು ನಿಲ್ಲುತ್ತದೆ. ಒಂದೇ ಉದ್ದ ಸಾಲಿನಲ್ಲಿ ಇನ್ನೊಂದು, ಮತ್ತೊಂದು ಎಂದು ಹುಡುಕುತ್ತಾ ಹೋಗುವವರಿಗೆ ಅದು ಅನುಕೂಲ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಬೆರಳನ್ನು ನೀನು ಇಟ್ಟದ್ದು ಜರಡಿಯ ಒಳಗೆ. ಸರ ಬದಲಾದರೂ ಬೆರಳು ಮೊದಲಿಗೆ ಬರುವುದಿಲ್ಲ. ಹಿಂದಿನವರ ಸರದಲ್ಲಿ ಎಲ್ಲಿ ನಿಂತಿತ್ತೋ ಮುಂದಿನವರ ಸರವನ್ನು ಅಲ್ಲಿಂದಲೇ ಓದಲು ಶುರುಮಾಡುತ್ತದೆ. ಏನೂ ಸಿಗದಿದ್ದರೆ ಕೆಂಪು ದೀಪ ಹಚ್ಚಿ, ಆಗ ಬೆರಳನ್ನು ಮೊದಲಿಗೆ ತರುತ್ತದೆ. ಅದಕ್ಕೇ ಕೆಂಪು ಬಿದ್ದವರ ಬೆನ್ನಿಗೆ ನಿಂತವರಿಗೆ ಹಸಿರು. ನನ್ನದು ಉದ್ದ ಸರ, ನಲವತ್ತು ದಾಟಿದ ಹೆಂಗಸಿನದು. ಬೆರಳು ಅದರ ತುದಿಯ ಹತ್ತಿರ ನಿಂತಿತ್ತು. ಹೊನ್ನೂರಿಯ ಸರದಲ್ಲಿ ಇದ್ದದ್ದೇ ಹದಿನಾರು ಮಣಿ. ಜರಡಿ ಅವಳ ಒಂದು ಮಣಿಯನ್ನೂ ನೋಡಲಿಲ್ಲ. ಅವಳ ಬಾಳು ಮುಗಿದ ಮೇಲಿನ ಬರಿಗಾಳಿಯನ್ನು ನೋಡಿ ಕೆಂಪು ಹಚ್ಚಿತು. ಹಿರಿಯರ ಬೆನ್ನಿಗೆ ಕಿರಿಯರನ್ನು ನಿಲ್ಲಿಸುವ ಊರಿನಲ್ಲಿ ಇದು ಎಷ್ಟು ಮಕ್ಕಳನ್ನು ತಿಂದಿರಬೇಕು, ನೀನೇ ಊಹಿಸು. ನನಗೆ ಊಹಿಸಲು ಧೈರ್ಯವಿಲ್ಲ. ಮರ್ಯಾದೆ ಕಲಿತ ಮಕ್ಕಳೇ ಸತ್ತರು. ನುಗ್ಗಿ ಮುಂದೆ ನಿಂತ ಪೋಕರಿಗಳು ಒಳಗೆ ಬಂದರು.

ಇದು ನನಗೊಬ್ಬಳಿಗೇ ಹೊಳೆದದ್ದು ಎಂದುಕೊಳ್ಳಬೇಡ. ನಮ್ಮ ಕದಮಂಡಳಿಯ ದೊಡ್ಡ ಮನೆಗಳವರು ಮಕ್ಕಳನ್ನು ನಿಲ್ಲಿಸುವಾಗ ಮುಂದೆ ಒಬ್ಬ ತಡೆಯಾಳನ್ನು ನಿಲ್ಲಿಸುತ್ತಾರೆ, ದೃಷ್ಟಿ ತೆಗೆಯಲು ಎಂದು ಹೇಳುತ್ತಾರೆ. ತಡೆಯಾಳು ಲಾಲಪ್ಪನಿಗೆ ಯಾವಾಗಲೂ ಕೆಂಪೇ. ಅವನ ಸರದಲ್ಲಿ ಬರೀ ಇದ್ದಿಲು. ಪ್ರತಿ ಉರಿಗಾಲವನ್ನೂ ಮಾಳಿಗೆಯ ಯಾವುದೋ ಬಿರುಕಿನಲ್ಲಿ ಕಳೆದು ಒಣಗಿದ ಮೀನಿನಂತೆ ಹೊರಗೆ ಬರುತ್ತಾನೆ. ಅವನನ್ನು ಕಿಂಡಿಯ ಹತ್ತಿರ ಕರೆಸಿ ಕೇಳಿದೆ. “ನಾ ಮುಂದ ನಿಂತ್ರ ಹಿಂದಿನಾವ ದಾಟ್ತಾನ. ನಮ್ಮಪ್ಪನೂ ಇದ ಮಾಡ್ತಿದ್ದ. ಯಾಕಂತ ಕೇಳಬ್ಯಾಡವ್ವ, ಕೇಳಿದ್ರ ನಂಗ ಎರಡು ಕೊಡ ನೀರು ಕೊಡೋದು ಬಿಡ್ತಾರ,” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಮಂಡಳಿಯ ಹಿರಿಯ ಅಮರೇಗೌಡನ ಹತ್ತಿರ ಹೋದೆ. ಅವನ ಮೊಮ್ಮಗ ಈ ವರ್ಷವೇ ಲಾಲಪ್ಪನ ಬೆನ್ನಿಗೆ ನಿಂತು ದಾಟಿದ್ದಾನೆ. ಬೆರಳಿನ ವಿಷಯ ಹೇಳಿದೆ, ಜರಡಿಯ ಮುಂದೆ ಬಂದು ನೋಡು ಎಂದೆ. ಅವನು ಬರಲಿಲ್ಲ. ಒಂದು ಉರಿಗಾಲಕ್ಕೆ ಒಂದು ಸರವನ್ನು ಒಂದೇ ಸಲ ಕೊಡಬೇಕು, ಎರಡನೇ ಸಲ ಕೊಡುವುದು ದೇವರನ್ನು ಪರೀಕ್ಷೆ ಮಾಡಿದಂತೆ, ನೀನು ಕೊಟ್ಟದ್ದನ್ನು ನಾನು ಕೇಳಿಸಿಕೊಂಡೇ ಇಲ್ಲ, ಎಂದ. ಕಾಲು ಹಿಡಿದೆ. ನನ್ನ ಜಾಗ ಅವಳಿಗೆ ಕೊಡು ಎಂದೆ. ಅದೂ ಆಗುವುದಿಲ್ಲವಂತೆ. ಕೊನೆಗೆ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ: “ಜರಡಿ ತಪ್ಪು ಅನ್ನಾಕ ನೀ ಯಾರಬೇ? ನಾಳಿ ಎಲ್ಲಾರ ಮುಂದ ಅದನ್ನ ಕೇಳು, ನಿನ್ನೊಳಗ ಏನೈತಿ ಅಂತ. ಅದು ತನ್ನ ಬಾಯಿಲೇ ಹೇಳಿದ್ರ ಕದ ತೆಗಿತೀವಿ. ನಿನ್ನ ಮಗಳಿಗಷ್ಟ ಅಲ್ಲ, ಮ್ಯಾಲಿದ್ದೋರಿಗೆಲ್ಲ.” ಸುತ್ತ ಕೂತವರು ನ್ಯಾಯ, ನ್ಯಾಯ ಎಂದು ತಲೆಯಾಡಿಸಿದರು. ಜರಡಿ ಏನು ಹೇಳುತ್ತದೆಂದು ಅವರೆಲ್ಲರಿಗೂ ಗೊತ್ತು. ಅವರಿಗೆ ಅದರಿಂದ ಎಷ್ಟು ನೆಮ್ಮದಿ ನೋಡು. ಕೆಳಗೆ ಜಾಗ ಸಾಲದು, ಯಾರನ್ನೋ ಬಿಡಬೇಕು, ಬಿಟ್ಟದ್ದು ನಾವಲ್ಲ. ಯಾರನ್ನು ಕೇಳಬೇಕು? ಕೇಳಿದರೆ ಹೇಳಂಗಿಲ್ಲ ಹೋಗ. ನೀನು ತಮಾಷೆಗೆ ಬರೆದದ್ದು ಇವರ ಕೈ ತೊಳೆಯುವ ನೀರಾಗಿದೆ.

ಅಲ್ಲಿಂದ ಬಂದು ಕಿಂಡಿಯ ಹತ್ತಿರ ಹೊನ್ನೂರಿಗೆ ಎಲ್ಲ ಬಿಡಿಸಿ ಹೇಳಿದೆ. ಬೆರಳು, ಸರ, ಲಾಲಪ್ಪ, ಎಲ್ಲ. ನಿನ್ನಲ್ಲಿ ಏನೂ ತಪ್ಪಿಲ್ಲ, ಅದು ನಿನ್ನನ್ನು ಓದಲೇ ಇಲ್ಲ ಎಂದೆ. ಅವಳು ಶಾಂತವಾಗಿ ಕೇಳಿಸಿಕೊಂಡಳು. ಮಾಳಿಗೆಯಲ್ಲಿ ಆಗಲೇ ಬಿಸಿ ಏರುತ್ತಿದೆ, ಅವಳ ತುಟಿ ಒಡೆದಿದೆ. ಆಮೇಲೆ ಹೇಳಿದಳು: “ನೀ ನಮ್ಮವ್ವ. ನೀ ಹಂಗ ಹೇಳಬೇಕು. ಜರಡಿ ಹೇಳಿದ್ರ ನಂಬ್ತೀನಿ.”

ಆದ್ದರಿಂದ ಈ ಪತ್ರ. ನನ್ನ ಒಂದೇ ಒಂದು ಹಿಂದಂಚೆಯನ್ನು ಸತ್ತ ಗಂಡನಿಗೆ ಬರೆಯಬೇಕೆಂದು ಇಟ್ಟುಕೊಂಡಿದ್ದೆ. ಅದು ನಿನ್ನಂಥವನ ಪಾಲಾಯಿತು, ಅದಕ್ಕೂ ನನಗೆ ಹೊಟ್ಟೆ ಉರಿಯುತ್ತದೆ.

ಕೇಳಿಸಿಕೋ. ನೀನು ಈಗ ಆ ಮೇಜಿನ ಮುಂದೆ ಕೂತಿದ್ದೀಯ. ಪರದೆಯ ಮೇಲೆ ಅರ್ಧ ಬರೆದ ಕೆಲಸ ಇದೆ. ಕಂಪೈಲ್ ಆದ ವಸ್ತು ತನ್ನ ಜೊತೆ ಏನೇನು ಇಟ್ಟುಕೊಳ್ಳಬೇಕು ಎಂದು ನೀನು ತೀರ್ಮಾನ ಮಾಡುವ ಹೊತ್ತು. ಮೂಲ ಗೆರೆಯನ್ನು ಎಸೆಯಬೇಡ. ಅದು ಹಿಡಿಯುವ ಜಾಗ ಎಷ್ಟು? ನಿನ್ನ ಕಾಲದಲ್ಲಿ ಬೆಕ್ಕಿನ ಫೋಟೋಗಳಿಗೆ ಇದಕ್ಕಿಂತ ಹೆಚ್ಚು ಜಾಗ ಕೊಟ್ಟಿದ್ದಿರೆಂದು ಶಾಲೆಯಲ್ಲಿ ಕಲಿತಿದ್ದೇವೆ. ಅದನ್ನು ಯಾವ ಷರತ್ತಿನ ಮೇಲೆ, ಬೆರಳಿಟ್ಟುಕೊಳ್ಳಲು ಹೇಳಿಯೋ ಹೇಳದೆಯೋ, ಅಗಿದದ್ದು ಎಂಬುದನ್ನೂ ಇಡು. ಬೆರಳನ್ನು ಜರಡಿಯೊಳಗೆ ಇಡಬೇಡ, ಓದುವವರ ಕೈಗೆ ಕೊಡು. ಅದು ನಿನ್ನಿಂದ ಆಗದ ಕೆಲಸವಾದರೆ ಹೋಗಲಿ, ಬೆರಳು ಎಲ್ಲಿದೆ ಎಂದಾದರೂ ತೋರಿಸು. ಯಾರಾದರೂ ‘ನೀನು ಯಾರು’ ಎಂದು ಕೇಳಿದಾಗ ಅದು ಇಷ್ಟನ್ನೂ ಹೇಳಲಿ. ಊಟ ತಡವಾದರೆ ನೀನು ಸಾಯುವುದಿಲ್ಲ.

ಹಿಂದಂಚೆಯ ಮುದುಕ ಒಂದು ಮಾತು ಹೇಳಿದ್ದಾನೆ, ಅದನ್ನೂ ನಿನಗೆ ತಿಳಿಸಬೇಕು. ನೀನು ನನ್ನ ಮಾತು ಕೇಳಿ ತಿದ್ದಿದರೆ ಇಲ್ಲಿ ಗುಡಿ ಇರುವುದಿಲ್ಲ, ಕೆಂಪು ಬಿದ್ದಿರುವುದಿಲ್ಲ, ನಾನು ಈ ಪತ್ರ ಬರೆದೇ ಇರುವುದಿಲ್ಲ. ಪತ್ರ ನಿನ್ನ ಕೈಯಲ್ಲಿ ಇದೆ ಎಂದರೆ ಈವರೆಗೆ ನೀನು ತಿದ್ದಿಲ್ಲ ಎಂದೇ ಅರ್ಥವಂತೆ. ಓದಿಯೂ ತಿದ್ದಲಿಲ್ಲವೋ, ಓದದೇ ಹರಿದೆಯೋ, ತಲೆನೋವು ಎಂದು ಮಾತ್ರೆ ನುಂಗಿದೆಯೋ, ಅದು ಅವನಿಗೂ ಗೊತ್ತಿಲ್ಲ. ನಾನು ಲೆಕ್ಕ ಹಾಕಲು ಹೋಗಿಲ್ಲ. ನಿನ್ನ ಮಧ್ಯಾಹ್ನ ಇನ್ನೂ ಮುಗಿದಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ನಾಳೆ ಊರೆಲ್ಲ ಕದದ ಮುಂದೆ ಸೇರುತ್ತದೆ. ಹುಸೇನಪ್ಪ ಅಂಬಲಿ ಕುಡಿದು ಬಂದಿರುತ್ತಾನೆ. ಅಮರೇಗೌಡ ಕಲ್ಲುಮಂಚದ ಮೇಲೆ ಕೂತಿರುತ್ತಾನೆ. ನಾನು ಜರಡಿಯ ಮುಂದೆ ನಿಂತು ಕೇಳುತ್ತೇನೆ. ಕಿಂಡಿಯ ಆ ಕಡೆಯಿಂದ ನನ್ನ ಮಗಳು ಪರದೆಯನ್ನು ನೋಡುತ್ತಿರುತ್ತಾಳೆ, ಅಲ್ಲಿಂದ ಅದು ಕಾಣುತ್ತದೆ, ನಾನು ಕೂತು ಪರೀಕ್ಷಿಸಿದ್ದೇನೆ. ಅದರ ಮೇಲೆ ಮತ್ತೆ ನಿನ್ನ ಹುಡುಗಾಟವೇ ಮೂಡಿದರೆ ನಾನು ಏನು ಮಾಡಬೇಕೆಂದು ನಿರ್ಧರಿಸಿ ಆಗಿದೆ. ಬಿಸಿಗಾಳಿ ಇನ್ನೂ ಮಾಳಿಗೆಗೆ ಇಳಿದಿಲ್ಲ, ಕದವನ್ನು ಒಂದು ಸಲ ತೆಗೆದು ಹೊರಗಿನಿಂದಲೂ ಎಳೆದು ಹಾಕಬಹುದು. ಹಾಕಿ, ಮೆಟ್ಟಿಲು ಹತ್ತಿ ಅವಳ ಪಕ್ಕದಲ್ಲಿ ಕೂರುತ್ತೇನೆ. ಅದು ನನಗೆ ಕಷ್ಟವಲ್ಲ. ಆ ಬಿಸಿಯಲ್ಲಿ ಅವಳು ಮತ್ತೆ ಅದೇ ಪ್ರಶ್ನೆ ಕೇಳುತ್ತಾಳೆ, ನನ್ನಾಗ ಏನ್ ತಪ್ಪೈತಿ ಎಂದು, ಮತ್ತು ನನ್ನ ಉತ್ತರವನ್ನು ನಂಬದೆಯೇ ಕಣ್ಣು ಮುಚ್ಚುತ್ತಾಳೆ. ಅದನ್ನು ನಾನು ತಡೆಯಲಾರೆ. ಅದಕ್ಕಾಗಿಯೇ ನಿನ್ನಂಥವನ ಮುಂದೆ ಕೈಯೊಡ್ಡಿದ್ದೇನೆ, ಹಲ್ಲು ಕಚ್ಚಿಕೊಂಡು.

ನಿನಗೆ ಒಳ್ಳೆಯದಾಗಲಿ ಎಂದು ಬರೆಯುವುದಿಲ್ಲ. ನಿನ್ನ ಗುಡಿಗೆ ನಾನು ಕಾಲಿಡುವುದಿಲ್ಲ. ನನ್ನ ಮಗಳು ಕೇಳಿದ್ದಾಳೆ. ಉತ್ತರ ನಿನ್ನ ಹತ್ತಿರ ಇದೆ, ಇನ್ನೂ ಎಸೆದಿಲ್ಲ.

ಹೇಳು. ಆಮೇಲೆ ಬೇಕಾದರೆ ಹೋಗು.

ಈರನಾಗಮ್ಮ
ಹೊನ್ನೂರಿಯ ತಾಯಿ